ಮನೆ ಕೊಳ್ಳುವ ಮುನ್ನ ಓದಿದ ಪುಸ್ತಿಕೆ

ಸಕಲೇಶಪುರದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಮೂವತ್ತೆರಡು ವರ್ಷ ಕುಳಿತು ಪತ್ರ ಬರೆದವನು ನಾನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಭೋಗ್ಯಪತ್ರ ಹೀಗೆ ಎಷ್ಟು ಕುಟುಂಬಗಳ ಆಸ್ತಿ ನನ್ನ ಕೈಯಿಂದ ದಾಟಿ ಹೋಗಿದೆಯೋ ಲೆಕ್ಕವಿಟ್ಟಿಲ್ಲ. 2023ರಲ್ಲಿ ಕಾವೇರಿ 2.0 ಬಂದ ಮೇಲೆ ನನ್ನ ಮೇಜಿನ ಮುಂದೆ ಜನ ಕಡಿಮೆಯಾದರು. ಆದರೂ ನೆಂಟರಿಷ್ಟರು ಜಾಗ ಕೊಳ್ಳುವಾಗ ಕಾಗದದ ಕಟ್ಟು ಹಿಡಿದುಕೊಂಡು ಮನೆಗೆ ಬರುವುದು ನಿಂತಿಲ್ಲ. ಪಹಣಿ ಕೈಗೆ ಕೊಟ್ಟರೆ ಜಮೀನಿನ ಜಾತಕ ಹೇಳಿಬಿಡುತ್ತೇನೆ ಎಂಬ ಜಂಬವೂ ನನಗಿತ್ತು. ಆ ಜಂಬ ಇಳಿದದ್ದು ರಮಝಾನ್ ಮುಗಿದ ಮೇಲೆ, ಮೂವತ್ತೆಂಟು ಪುಟಗಳ ಒಂದು ಇಂಗ್ಲಿಷ್ ಪುಸ್ತಿಕೆಯಿಂದ.

ನನ್ನ ಅಕ್ಕನ ಗಂಡ ಇಪ್ಪತ್ತೇಳು ವರ್ಷ ದಮ್ಮಾಮಿನಲ್ಲಿ ದುಡಿದವರು. ಕ್ರೇನ್ ರಿಪೇರಿ ಕೆಲಸ. ಅಷ್ಟೂ ವರ್ಷ ಕಂಪೆನಿಯ ಕ್ಯಾಂಪಿನಲ್ಲಿ ಒಂದು ಕೋಣೆಗೆ ಆರು ಮಂದಿಯ ವಾಸ. ಎರಡು ವರ್ಷಕ್ಕೊಮ್ಮೆ ಬಂದಾಗ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಬಸ್ಸಿನ ಕಿಟಕಿ ತೆಗೆದು ಚಳಿಗಾಳಿಗೆ ಮುಖ ಒಡ್ಡಿ ಕುಳಿತುಬಿಡುತ್ತಿದ್ದರು. ಊರಿಗೆ ಶಾಶ್ವತವಾಗಿ ಬಂದ ಮೇಲೆ ಅವರಿಗೆ ಇದ್ದದ್ದು ಒಂದೇ ಆಸೆ. ಬೆಟ್ಟದ ಮೇಲೆ, ಕಾಫಿ ಗಿಡಗಳ ನಡುವೆ, ಕಿಟಕಿ ತೆರೆದರೆ ಮಂಜು ಕಾಣುವ ಒಂದು ಮನೆ. ಆಲೂರು ಮತ್ತು ಸಕಲೇಶಪುರದ ನಡುವೆ, ಹೆದ್ದಾರಿಯಿಂದ ಏಳೆಂಟು ಕಿಲೋಮೀಟರ್ ಒಳಗೆ, ಹಳೆಯ ಕಾಫಿ ತೋಟವೊಂದನ್ನು ನಿವೇಶನಗಳಾಗಿ ಮಾಡಿ ಮನೆ ಕಟ್ಟಿ ಮಾರುತ್ತಿದ್ದರು. ಹದಿನಾಲ್ಕು ಎಕರೆ, ನಲವತ್ತು ನಿವೇಶನ, ಹನ್ನೊಂದು ಮನೆ ಆಗಲೇ ಎದ್ದಿದ್ದವು. ದೊಡ್ಡ ಗೇಟು, ಕಾವಲುಗಾರ, ಸುತ್ತ ಸೋಲಾರ್ ಬೇಲಿ. ಭಾವ ನೋಡಿದ ದಿನವೇ ಮನಸ್ಸು ಕೊಟ್ಟುಬಿಟ್ಟಿದ್ದರು.

ನಮ್ಮ ಕಡೆ ಇಂಥ ಬಡಾವಣೆಗಳು ಏಳುತ್ತಿರುವುದು ಹೊಸತೇನಲ್ಲ. 2001-02ರ ಸುಮಾರಿಗೆ ಕಾಫಿಯ ಬೆಲೆ ನೆಲ ಕಚ್ಚಿದಾಗ ಸಣ್ಣ ಬೆಳೆಗಾರರು ತೋಟ ಮಾರಿದರು, ಉಳಿದವರು ಹೋಂಸ್ಟೇ ಮಾಡಿದರು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳುವುದಕ್ಕೆ ಅಡ್ಡಿ ಇಲ್ಲವಾಯಿತು. ಬೆಂಗಳೂರಿನ ದುಡ್ಡು ಘಟ್ಟ ಹತ್ತಿತು.

ಭಾವ ತಂದ ಪ್ಲಾಸ್ಟಿಕ್ ಫೈಲನ್ನು ನಾನು ಅಸರ್ ನಮಾಝಿನ ನಂತರ ಬಿಚ್ಚಿದೆ. ಮಗ್ರಿಬ್‌ಗೆ ಮೊದಲೇ ನೋಡಿ ಮುಗಿಸಿದೆ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು ಸರಿಯಿತ್ತು, ಹನ್ನೊಂದರಲ್ಲಿ ಬ್ಯಾಂಕಿನ ಸಾಲವಿರಲಿಲ್ಲ. ಭೂಪರಿವರ್ತನೆಗೆ ಜಿಲ್ಲಾಧಿಕಾರಿಯ ಆದೇಶ, ಮೂವತ್ತು ವರ್ಷದ ಋಣಭಾರ ಪತ್ರ, ಮಂಜೂರಾದ ಬಡಾವಣೆ ನಕ್ಷೆ, ಪಂಚಾಯಿತಿಯ ಫಾರಂ 9 ಮತ್ತು 11, ರೇರಾ ನೋಂದಣಿ ಸಂಖ್ಯೆ ಎಲ್ಲ ಇದ್ದವು. ಫೈಲಿನ ತಳದಲ್ಲಿ ಆ ಪುಸ್ತಿಕೆ. ನಿವಾಸಿಗಳ ಸಂಘದ ಬೈಲಾ ಮತ್ತು ನಿಯಮಗಳು. ಕಸ ಎಲ್ಲಿ ಹಾಕಬೇಕು, ಕಾರು ಎಲ್ಲಿ ನಿಲ್ಲಿಸಬೇಕು ಎಂದು ಬರೆದಿರುತ್ತಾರೆ ಅಂದುಕೊಂಡು ಅದನ್ನು ಪಕ್ಕಕ್ಕಿಟ್ಟು, "ಕಾಗದ ಶುದ್ಧ ಇದೆ ಭಾವ, ಬಿಸ್ಮಿಲ್ಲಾ ಹೇಳಿ ಮುಂದುವರಿಯಿರಿ" ಎಂದುಬಿಟ್ಟೆ.

ರಾತ್ರಿ ಬೆಂಗಳೂರಿನಿಂದ ಅಕ್ಕನ ಮಗಳ ಫೋನು. "ಮಾಮ, ಬೈಲಾ ಓದಿದ್ರಾ?"

"ಅದರಲ್ಲಿ ಏನಿರುತ್ತಮ್ಮ?"

"ಅದರಲ್ಲೇ ಎಲ್ಲ ಇರೋದು. ನಾವು ಸುಟ್ಟುಕೊಂಡಿದ್ದೀವಿ."

ಅವಳೂ ಅವಳ ಗಂಡನೂ ಬೆಂಗಳೂರಿನಲ್ಲಿ ಒಬ್ಬರು ವಾಸವಿದ್ದ ಫ್ಲ್ಯಾಟನ್ನು ಕೊಂಡಿದ್ದರು. ಕ್ರಯಪತ್ರ ಚೊಕ್ಕವಾಗಿತ್ತು. ಒಳಗೆ ಬಂದ ತಿಂಗಳಿಗೆ, ಹಿಂದಿನವರು ಮೂರು ವರ್ಷದಿಂದ ಕಟ್ಟದಿದ್ದ ನಿರ್ವಹಣಾ ವೆಚ್ಚ ಇವರ ತಲೆಗೆ ಬಂತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲೇ ಅದಿದೆ. ಮಾರಿದವನ ಬಾಕಿಗೆ ಕೊಂಡವನೂ ಜಂಟಿಯಾಗಿ ಹೊಣೆ. ಕೊಳ್ಳುವ ಮೊದಲು ಸಂಘದಿಂದ ಬಾಕಿ ಎಷ್ಟೆಂದು ಬರೆಸಿಕೊಂಡಿದ್ದರೆ ಮುಗಿಯುತ್ತಿತ್ತು. ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ಮಾಮನಿಗೆ ಆ ಕಾಗದವೇ ಗೊತ್ತಿರಲಿಲ್ಲ. ಆಗಲೂ ಅವಳು ನನಗೇ ಕ್ರಯಪತ್ರ ತೋರಿಸಿದ್ದಳು ಎಂಬುದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ಎರಡು ರಾತ್ರಿ ಕುಳಿತು ಪುಸ್ತಿಕೆ ಓದಿದೆ. ಇಂಗ್ಲಿಷ್ ತೊಡಕಾದಲ್ಲಿ ಅವಳಿಗೆ ಫೋನು ಮಾಡಿದೆ. ಓದುತ್ತ ಓದುತ್ತ ನನಗೆ ಹೊಳೆದದ್ದು ಇಷ್ಟು. ನಾನು ಜೀವಮಾನವೆಲ್ಲ ಬರೆದ ಪತ್ರಗಳು, ಮನುಷ್ಯ ಯಾವ ಜಾಗ ಕೊಂಡ ಎಂಬುದನ್ನು ಮಾತ್ರ ಹೇಳುತ್ತಿದ್ದವು. ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ. ಚಕ್ಕುಬಂದಿ ಮುಗಿದಲ್ಲಿಗೆ ನನ್ನ ಕೆಲಸವೂ ಮುಗಿಯುತ್ತಿತ್ತು. ಆ ಚಕ್ಕುಬಂದಿಯೊಳಗೆ ಅವನು ಹೇಗೆ ಬಾಳಬೇಕು, ಯಾರನ್ನು ಕರೆಯಬಹುದು, ಯಾರಿಗೆ ಮಾರಬಹುದು ಎಂದು ಈ ಪುಸ್ತಿಕೆ ಹೇಳುತ್ತಿತ್ತು.

ಸೂರಃ ಅಲ್‌ಬಕರದ 282ನೇ ಆಯತ್ ಕುರ್‌ಆನಿನಲ್ಲೇ ಅತಿ ದೀರ್ಘವಾದದ್ದು. ಸಾಲದ ವ್ಯವಹಾರವನ್ನು ಚಿಕ್ಕದಿರಲಿ ದೊಡ್ಡದಿರಲಿ ಬರೆದಿಡಿ, ಸಾಕ್ಷಿ ಹಾಕಿಸಿ, ಬರೆಯುವವನು ನ್ಯಾಯವಾಗಿ ಬರೆಯಲಿ ಎಂಬುದು ಅದರ ತಾತ್ಪರ್ಯ. ನನ್ನ ಬಾಪ ನನ್ನನ್ನು ಈ ಕಸುಬಿಗೆ ಹಾಕುವಾಗ ಅದನ್ನೇ ನೆನಪಿಸಿದ್ದರು. ಆ ಆಯತ್ತಿನಲ್ಲಿ ಇನ್ನೊಂದು ಮಾತಿದೆ. ಯಾರ ಮೇಲೆ ಹೊಣೆ ಬೀಳುತ್ತದೋ ಅವನು ಹೇಳಿ ಬರೆಸಬೇಕು, ಅವನಿಗೆ ಆಗದಿದ್ದರೆ ಅವನ ಪರವಾಗಿ ಅವನ ವಲಿ ಬರೆಸಬೇಕು. ಎಷ್ಟೋ ಸಲ ಓದಿದ್ದರೂ ಅದರ ತೂಕ ತಿಳಿದದ್ದು ಈಗ. ಈ ಪುಸ್ತಿಕೆಯಲ್ಲಿ ಹೊಣೆಯೆಲ್ಲ ಕೊಳ್ಳುವವನದು. ಹೇಳಿ ಬರೆಸಿದವನು ಮಾರುವವನು.

ಉದಾಹರಣೆಗೆ ಸಂಘದ ಆಡಳಿತ. ಕೊನೆಯ ನಿವೇಶನ ಮಾರಾಟವಾಗುವವರೆಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಬಡಾವಣೆ ಮಾಡಿದವರ ಕಡೆಯವರೇ. ನಕ್ಷೆಯಲ್ಲಿ ನೋಡಿದರೆ ಎರಡು ನಿವೇಶನಗಳನ್ನು ಅವರು ತಮಗೇ ಇಟ್ಟುಕೊಂಡಿದ್ದಾರೆ. ಅವು ಮಾರಾಟವಾಗುವುದೇ ಇಲ್ಲ, ಇವರು ಇಳಿಯುವುದೂ ಇಲ್ಲ! 2016ರ ರೇರಾ ಕಾಯ್ದೆಯ ಪ್ರಕಾರ ಅರ್ಧಕ್ಕಿಂತ ಹೆಚ್ಚು ಜನ ಬುಕ್ ಮಾಡಿದ ಮೂರು ತಿಂಗಳೊಳಗೆ ಕೊಂಡವರ ಸಂಘ ಆಗಬೇಕು. ಪ್ರತಿಯೊಬ್ಬರಿಂದ ಮೂಲನಿಧಿ ಎಂದು ಎರಡು ಲಕ್ಷ ಪಡೆಯುತ್ತಾರೆ. ಅದು ಯಾವ ಖಾತೆಯಲ್ಲಿದೆ, ಸಂಘಕ್ಕೆ ಯಾವಾಗ ಸೇರುತ್ತದೆ ಎಂಬ ಬಗ್ಗೆ ಒಂದಕ್ಷರವಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ ಎಂದು ಮುಖಪುಟದಲ್ಲಿ ಅಚ್ಚಾಗಿತ್ತು. ನನ್ನ ಬಳಿ ಕೆಲಸ ಕಲಿತ ಹುಡುಗನನ್ನು ಹಾಸನದ ಕಚೇರಿಗೆ ಕಳಿಸಿದೆ. ನೋಂದಣಿ ಆಗಿದ್ದು ನಿಜ. ಆದರೆ ವರ್ಷ ವರ್ಷ ಸಲ್ಲಿಸಬೇಕಾದ ಆಡಳಿತ ಮಂಡಳಿಯ ಪಟ್ಟಿಯಾಗಲಿ, ಲೆಕ್ಕಪರಿಶೋಧನೆಯಾದ ಜಮಾಖರ್ಚಾಗಲಿ ಅಲ್ಲಿರಲಿಲ್ಲ. ಮುಂಗಡವೆಂದು ಭಾವನ ಬಳಿ ಕೇಳಿದ್ದು ಬೆಲೆಯ ಶೇಕಡಾ 25. ಕರಾರು ನೋಂದಣಿ ಮಾಡಿಸುವ ಮೊದಲು ಶೇಕಡಾ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಎಂದು ರೇರಾ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಇದೊಂದೇ ಮಾತು ಭಾವನ ಇಪ್ಪತ್ತೇಳು ವರ್ಷದ ದುಡಿಮೆಯಲ್ಲಿ ಎಷ್ಟನ್ನು ಕಾಪಾಡಬಲ್ಲದು ಎಂದು ಯೋಚಿಸಿ.

ಮನೆ ಮಾರುವುದಾದರೆ ಮೊದಲು ಸಂಘದ ಸದಸ್ಯರಿಗೆ ಹೇಳಬೇಕು, ಅವರು ಬೇಡವೆಂದ ಮೇಲೆ ಹೊರಗಿನವರಿಗೆ ಎಂಬ ನಿಯಮ ಓದಿ ನಗು ಬಂತು. ಇದು ನಮ್ಮ ಶುಫ್‌ಅ ಅಲ್ಲವೇ? ಹನಫಿಗಳು ಈ ಮೊದಲ ಹಕ್ಕನ್ನು ನೆರೆಯವನಿಗೂ ಕೊಡುತ್ತಾರೆ. ಶಾಫಿಗಳಾದ ನಮ್ಮಲ್ಲಿ ಪಾಲುದಾರನಿಗೆ ಮಾತ್ರ. ಆದರೆ ಶುಫ್‌ಅದಲ್ಲಿ ಬೆಲೆ ಹೊರಗಿನವನು ಕೊಡುವಷ್ಟೇ. ಇಲ್ಲಿ ಬೆಲೆ ನಿಗದಿ ಮಾಡುವುದೂ ಸಮಿತಿಯೇ.

ಮಾಂಸದ ವಿಷಯಕ್ಕೆ ಬರುತ್ತೇನೆ. ಓದುಗರು ಅದನ್ನೇ ಕಾಯುತ್ತಿರಬಹುದು. ಬಡಾವಣೆಯೊಳಗೆ ಪ್ರಾಣಿವಧೆ ಕೂಡದು ಎಂದಿತ್ತು. ಅದಕ್ಕೆ ನನ್ನ ತಕರಾರಿಲ್ಲ. ನೆರೆಯವರ ಮನೆಯ ಮುಂದೆ ಕುರ್ಬಾನಿ ಮಾಡಬೇಕೆಂದು ಯಾರೂ ಹೇಳಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮುಂದಿನ ಪುಟದ ಸಾಧುವಾದ ಒಂದು ಸಾಲು. ಮನೆ ಬಾಡಿಗೆಗೆ ಕೊಡಲು, ಮಾರಲು, ಒಂದು ತಿಂಗಳಿಗಿಂತ ಹೆಚ್ಚು ಅತಿಥಿಗಳನ್ನು ಇರಿಸಿಕೊಳ್ಳಲು ಸಮಿತಿಯ ಒಪ್ಪಿಗೆ ಬೇಕು. ಒಪ್ಪಿಗೆ ನಿರಾಕರಿಸಿದರೆ ಸಮಿತಿ ಕಾರಣ ಕೊಡಬೇಕಾಗಿಲ್ಲ. ಮೂವತ್ತೆರಡು ವರ್ಷದಲ್ಲಿ ಕಾರಣ ಕೊಡಬೇಕಾಗಿಲ್ಲ ಎಂದು ನಾನು ಒಂದು ಪತ್ರದಲ್ಲೂ ಬರೆದಿಲ್ಲ.

ಕೋರ್ಟಿಗೆ ಹೋದರೆ ಇಂಥದ್ದು ಬಿದ್ದುಹೋಗುತ್ತದೆ ಎಂದು ಭಾವ ವಾದಿಸಿದರು. ಅಕ್ಕನ ಮಗಳು ಅದಕ್ಕೆ ಹೇಳಿದ್ದು ಅಹ್ಮದಾಬಾದಿನ ಪಾರ್ಸಿಗಳ ಗೃಹನಿರ್ಮಾಣ ಸಹಕಾರ ಸಂಘದ ಮೊಕದ್ದಮೆ. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬುದು ಅದರ ಬೈಲಾ. ಸದಸ್ಯರೊಬ್ಬರು ಫ್ಲ್ಯಾಟ್ ಕಟ್ಟಿ ಹೊರಗಿನವರಿಗೂ ಮಾರಲು ಹೊರಟಾಗ ವ್ಯಾಜ್ಯವಾಯಿತು. 2005ರಲ್ಲಿ ಸುಪ್ರೀಂ ಕೋರ್ಟ್ ಬೈಲಾವನ್ನೇ ಎತ್ತಿಹಿಡಿಯಿತು. ಒಟ್ಟುಗೂಡುವ ಸ್ವಾತಂತ್ರ್ಯದಲ್ಲಿ ಯಾರನ್ನು ಸೇರಿಸಬೇಕು ಎಂಬುದೂ ಸೇರಿದೆ, ಬೈಲಾ ಎಂದರೆ ಸದಸ್ಯರು ಒಪ್ಪಿ ಸೇರಿದ ಕರಾರು ಎಂಬುದು ಅದರ ಸಾರ. ಅಳಿವಿನಂಚಿನಲ್ಲಿರುವ ಪುಟ್ಟ ಸಮುದಾಯವೊಂದು ತನ್ನ ನೆಲೆ ಉಳಿಸಿಕೊಳ್ಳಲು ಕೇಳಿದ್ದು ಅದು. ಅದೇ ತೀರ್ಪಿನ ನೆರಳಲ್ಲಿ ದೊಡ್ಡ ಸಮುದಾಯಗಳ ಸಂಘಗಳೂ ನಿಲ್ಲಬಹುದಲ್ಲ ಎಂಬುದು ನನ್ನ ಅಳುಕು. ಬೆಂಗಳೂರಿನಲ್ಲಿ ಹೆಸರು ಕೇಳಿ ಮನೆ ಖಾಲಿ ಇಲ್ಲ ಎನಿಸಿಕೊಂಡ ಹುಡುಗರು ನಮ್ಮ ಪ್ರತಿ ಕೇರಿಯಲ್ಲೂ ಇದ್ದಾರೆ.

ಆದರೆ ಬೆರಳು ತೋರಿಸುವಾಗ ನಮ್ಮ ಜಮಾಅತ್‌ಗಳ ನೆನಪೂ ಆಗಬೇಕು. ತಿಂಗಳ ವಂತಿಗೆ ಬಾಕಿ ಇದೆ ಎಂದು ಹೆಣ್ಣು ಮಗಳ ನಿಕಾಹ್‌ಗೆ ಪತ್ರ ಕೊಡದೆ ಸತಾಯಿಸಿದ ಸಮಿತಿಗಳನ್ನು ನಾನು ಕಂಡಿದ್ದೇನೆ. ಬಾಡಿಗೆಗೆ ಬಂದ ಕುಟುಂಬಕ್ಕೆ ಸದಸ್ಯತ್ವ ಕೊಡದೆ ವರ್ಷಗಟ್ಟಲೆ ಕಾಯಿಸಿದ್ದೂ ಉಂಟು. ಅಲ್ಲಿಯೂ ಕಾರಣ ಕೇಳಿದರೆ ಬೈಲಾ ಎನ್ನುತ್ತಾರೆ. ಆ ಬೈಲಾವನ್ನು ನಾವೆಷ್ಟು ಮಂದಿ ಓದಿದ್ದೇವೆ?

ಭಾನುವಾರ ಭಾವನ ಜೊತೆ ಜಾಗ ನೋಡಲು ಹೋದೆ. ಹೂಮಳೆ ಬಿದ್ದು ಹೋಗಿ ತೋಟ ಹಸಿರಾಗಿತ್ತು. ಮನೆ ನಿಜಕ್ಕೂ ಚೆಂದ. ಭಾವ ಒಂದೊಂದೇ ಕಿಟಕಿ ತೆರೆದು ತೋರಿಸಿದರು, ಅಡುಗೆಮನೆಯಿಂದ ಅಕ್ಕನಿಗೆ ಕಿತ್ತಳೆ ಮರ ಕಾಣುತ್ತದೆ ಎಂದರು. ನಾನು ಬೇಲಿಯ ಬಳಿ ನಿಂತೆ. ಈ ಬೇಲಿ ಆನೆಗಾಗಿ. ಆಲೂರು ಸಕಲೇಶಪುರದ ಕಾಫಿ ತೋಟಗಳಲ್ಲಿ ಆನೆಯ ಹಾವಳಿ ಎಷ್ಟೆಂದು ಹೊರಗಿನವರಿಗೆ ಹೇಳಿ ತಿಳಿಯುವುದಿಲ್ಲ. ಹೈಕೋರ್ಟ್ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು, ಆಮೇಲೆ ಈ ಭಾಗದ ಆನೆಗಳನ್ನು ಹಿಡಿದು ಬೇರೆಡೆ ಸಾಗಿಸಿದ್ದೂ ಆಯಿತು, ಆನೆಗಳು ಮತ್ತೆ ಬಂದವು. ಹದಿನಾಲ್ಕು ಎಕರೆಗೆ ಬೇಲಿ ಹಾಕಿದರೆ ಆನೆ ಇಲ್ಲವಾಗುವುದಿಲ್ಲ, ಪಕ್ಕದ ತೋಟದ ಲೈನ್ ಮನೆಗಳ ಕಡೆ ತಿರುಗುತ್ತದೆ. ಬೇಲಿಯಿಂದ ಜೀವಹಾನಿಯಾದರೆ ದಾವೆ, ಪರಿಹಾರ ಎಲ್ಲ ಸದಸ್ಯರು ಜಂಟಿಯಾಗಿ ಭರಿಸತಕ್ಕದ್ದು ಎಂದು ಪುಸ್ತಿಕೆಯ 31ನೇ ಪುಟದಲ್ಲಿತ್ತು. ಹಾಕಿಸಿದವರು ಯಾರೋ, ಹೊಣೆ ಭಾವನದು.

ಬೇಲಿಯ ಆಚೆ ಒಬ್ಬ ಹೆಂಗಸು ಸೌದೆಹೊರೆ ಇಳಿಸಿ ಕೂತಿದ್ದಳು. ಅರವತ್ತರ ಮೇಲಿನ ವಯಸ್ಸು. ಮಾತಾಡಿಸಿದೆ. "ಮೊದ್ಲು ಇಲ್ಲೇ ನೆಟ್ಟಗೆ ಹೋಗ್ತಿದ್ವಿ ಸಾಬ್ರೆ. ಈಗ ಬೇಲಿ ಹಾಕವ್ರೆ. ಸುತ್ತಾಕ್ಕೊಂಡು ಹೋಗ್ಬೇಕು" ಎಂದಳು. ಎಲ್ಲಿಗೆ ಎಂದು ಕೇಳಿದೆ. ಮೇಲಿನ ಕಾಲನಿಯಿಂದ ಹಳ್ಳದ ದಂಡೆಗೆ, ಹಳ್ಳ ದಾಟಿದರೆ ಅವರ ಸ್ಮಶಾನಕ್ಕೆ. ಅಳಿಯ ತೀರಿಹೋದಾಗ ಮಳೆಯಲ್ಲಿ ಮೂರು ಕಿಲೋಮೀಟರ್ ಸುತ್ತಿ ಹೊತ್ತುಕೊಂಡು ಹೋದರಂತೆ. ಕೋಪವಿಲ್ಲದೆ, ಮಳೆ ಜಾಸ್ತಿಯಾಯಿತು ಎನ್ನುವ ಧಾಟಿಯಲ್ಲಿ ಹೇಳಿದಳು.

ಮನೆಗೆ ಬಂದು ಗ್ರಾಮನಕ್ಷೆ ತೆಗೆದೆ. ಆ ಸರ್ವೆ ನಂಬರಿನ ಮಧ್ಯೆ ಒಂದು ಚುಕ್ಕಿ ಗೆರೆ ಹಳ್ಳದವರೆಗೆ ಹೋಗಿತ್ತು. ಪಹಣಿಯನ್ನು ಮತ್ತೆ ನೋಡಿದೆ. ವಿಸ್ತೀರ್ಣದ ಕೆಳಗೆ ಬಿ ಖರಾಬು ಹನ್ನೊಂದು ಗುಂಟೆ. ಎ ಖರಾಬು ಎಂದರೆ ಬಂಡೆ ಇತ್ಯಾದಿ, ಸಾಗುವಳಿಗೆ ಬಾರದ ನೆಲ. ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗೆ ಮೀಸಲಾದದ್ದು. ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ. ಮೊದಲ ದಿನ ಇದೇ ಪಹಣಿಯನ್ನು ನೋಡಿ ಶುದ್ಧ ಎಂದವನು ನಾನೇ! ಮಾಲೀಕ ಯಾರು, ಸಾಲ ಇದೆಯೇ ಎಂದಷ್ಟೇ ನೋಡಿದ್ದೆ. ಕೊಳ್ಳುವವನಿಗೆ ಬೇಕಾದದ್ದನ್ನು ನೋಡುವ ಅಭ್ಯಾಸ ಕಣ್ಣಿಗೆ ಹತ್ತಿಬಿಟ್ಟಿತ್ತು.

ಬಡಾವಣೆ ಮಂಜೂರಾಗುವಾಗ ಒಳಗಿನ ರಸ್ತೆ, ಪಾರ್ಕುಗಳನ್ನು ಸ್ಥಳೀಯ ಸಂಸ್ಥೆಗೆ ಹಕ್ಕು ಬಿಟ್ಟುಕೊಟ್ಟ ಪತ್ರ ಮಾಡಿಕೊಡಬೇಕು. ಕೊಟ್ಟಿದ್ದರೆ ಆ ರಸ್ತೆ ಪಂಚಾಯಿತಿಯದು, ಊರಿನವರೆಲ್ಲರದು, ಗೇಟು ಹಾಕಿ ತಡೆಯುವಂತಿಲ್ಲ. ಕೊಟ್ಟಿಲ್ಲವಾದರೆ ಮಂಜೂರಾತಿಯ ಷರತ್ತೇ ಪಾಲನೆಯಾಗಿಲ್ಲ. ಎರಡರಲ್ಲಿ ಯಾವುದಾದರೂ ಪುಸ್ತಿಕೆಯ ಗೇಟಿನ ಅಧ್ಯಾಯ ನಿಲ್ಲುವುದಿಲ್ಲ. ಆ ಅಧ್ಯಾಯದಲ್ಲಿ ಹೊರಗಿನವರು ಎಂಬ ಪದ ಹದಿನೇಳು ಸಲ ಬರುತ್ತದೆ. ಎಣಿಸಿದ್ದೇನೆ.

ಇದನ್ನೆಲ್ಲ ಹೇಳಿದಾಗ ಭಾವನಿಗೆ ಸಿಟ್ಟು ಬಂತು. "ನೀನು ಎಲ್ಲದರಲ್ಲೂ ಕೊಂಕು ಹುಡುಕ್ತೀಯ. ಇಪ್ಪತ್ತೇಳು ವರ್ಷ ಇನ್ನೊಬ್ಬರ ಗೇಟಲ್ಲಿ ಕಾರ್ಡ್ ತೋರಿಸಿ ಒಳಗೆ ಹೋದವನು ನಾನು. ನನಗೂ ಒಂದು ಗೇಟು ಬೇಡ್ವಾ? ಯಾರದೋ ದಾರಿ ಹೋಯ್ತು ಅಂತ ನಾನ್ಯಾಕೆ ಮನೆ ಬಿಡ್ಬೇಕು? ನಾನು ಬಿಟ್ರೆ ಇನ್ನೊಬ್ಬ ತಗೋತಾನೆ."

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರು ಬಿಟ್ಟರೆ ಇನ್ನೊಬ್ಬ ಕೊಳ್ಳುವುದು ನಿಶ್ಚಯ. ಅಕ್ಕ ಅಷ್ಟು ಹೊತ್ತು ಸುಮ್ಮನಿದ್ದವಳು, "ಅಲ್ಲಿ ರಾತ್ರಿ ನನಗೇನಾದ್ರೂ ಆದ್ರೆ ಮೊದ್ಲು ಓಡಿ ಬರೋದು ಯಾರು? ಬೆಂಗಳೂರಿನೋರು ವಾರಕ್ಕೊಮ್ಮೆ ಬರ್ತಾರೆ. ಹತ್ರ ಇರೋದು ಆ ಕಾಲನಿಯೋರೇ ಅಲ್ವಾ?" ಎಂದಳು. ಮನೆಗಿಂತ ಮೊದಲು ನೆರೆಯವರನ್ನು ನೋಡು ಎಂದು ಅರಬರಲ್ಲಿ ಒಂದು ಗಾದೆಯಿದೆ. ಅದನ್ನು ಭಾವನೇ ಎಷ್ಟೋ ಸಲ ನಮಗೆ ಹೇಳಿದ್ದರು. ಆ ದಿನ ಯಾರೂ ನೆನಪಿಸಲಿಲ್ಲ.

ಮರುವಾರ ಬಡಾವಣೆಯ ಮ್ಯಾನೇಜರನನ್ನು ಭೇಟಿಯಾದೆವು. ಒಳ್ಳೆಯ ಮಾತಿನ ಹುಡುಗ. ಮೂಲನಿಧಿಯ ಖಾತೆ, ಸಂಘದ ಚುನಾವಣೆ, ಕಾರಣ ಕೊಡಬೇಕಾಗಿಲ್ಲ ಎಂಬ ಸಾಲು, ಹಕ್ಕು ಬಿಟ್ಟುಕೊಟ್ಟ ಪತ್ರ, ಚುಕ್ಕಿ ಗೆರೆಯ ದಾರಿ ಎಲ್ಲ ಕೇಳಿದೆ. ಬೈಲಾ ಎಲ್ಲರಿಗೂ ಒಂದೇ, ನಿಮ್ಮೊಬ್ಬರಿಗೆ ಬದಲಾಯಿಸಲಾಗದು ಎಂದ. ಹನ್ನೊಂದು ಮನೆಯವರಲ್ಲಿ ಇದನ್ನು ಕೇಳಿದವರು ನೀವೇ ಮೊದಲು ಎಂದೂ ಸೇರಿಸಿದ. ಅದನ್ನು ನಂಬಿದೆ. ಎರಡು ದಿನ ಬಿಟ್ಟು ಫೋನು ಮಾಡಿ, ದಾರಿಯ ವಿಷಯದಲ್ಲಿ ಮೇಲಿನವರನ್ನು ಕೇಳಿದ್ದೇನೆ, ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ, ಗುರುತಿನ ಕಾರ್ಡು ಇದ್ದವರನ್ನು ಬಿಡಬಹುದು ಎಂದ. ಸ್ಪೀಕರ್ ಹಾಕಿದ್ದೆ. ಪಕ್ಕದಲ್ಲಿದ್ದ ಭಾವ ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ಹೆಣಕ್ಕೂ ಕಾರ್ಡು ಬೇಕಾ ತಮ್ಮಾ?" ಎಂದು ಕೇಳಿದರು. ಆ ಕಡೆಯಿಂದ ಉತ್ತರ ಬರಲಿಲ್ಲ.

ಮುಂಗಡ ಇನ್ನೂ ಕೊಟ್ಟಿಲ್ಲ. ಬೇಡವೆಂದೂ ಹೇಳಿಲ್ಲ. ಫೈಲು ನನ್ನ ಮೇಜಿನ ಮೇಲೆಯೇ ಇದೆ. ರಸ್ತೆಗಳ ಹಕ್ಕು ಬಿಟ್ಟುಕೊಟ್ಟ ಪತ್ರದ ನಕಲು ಕೊಡಿ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಗ್ರಾಮ ಪಂಚಾಯಿತಿಗೆ ಅರ್ಜಿ ಹಾಕಿದ್ದೇವೆ. ಅರ್ಜಿದಾರರ ಹೆಸರು ನನ್ನದು ಬೇಡ, ತನ್ನದೇ ಇರಲಿ ಎಂದು ಭಾವ ಸಹಿ ಮಾಡಿದರು. ಉತ್ತರ ಕೊಡಲು ಮೂವತ್ತು ದಿನ ಗಡುವು. ಪ್ರತಿ ಶುಕ್ರವಾರ ಜುಮಾ ಮುಗಿಸಿ ಬಂದು, ಬಂತಾ ಎಂದು ಕೇಳುತ್ತಾರೆ. ಇವತ್ತಿಗೆ ಇಪ್ಪತ್ತೆರಡನೆಯ ದಿನ.